ವೇದಾವತಿಯ ಕ್ಯಾಮೆರಾ

ವೇದಾವತಿಯ ಕ್ಯಾಮೆರಾವನ್ನು ಕೆಡಿಸಿದವನು ನಾನು. ಕೈಜಾರಿ ಬಿದ್ದದ್ದಲ್ಲ, ನೀರು ತಾಗಿದ್ದಲ್ಲ — ಹಾಗೆ ಆಗಿದ್ದರೆ ಅಚಾತುರ್ಯ ಎಂದಾದರೂ ಹೇಳಿಕೊಳ್ಳಬಹುದಿತ್ತು. ಅವಳು ಊಟಕ್ಕೆ ಹೋಗಿದ್ದಾಗ, ನನ್ನದೇ ಸ್ಟುಡಿಯೋದ ಮೇಜಿನ ಮುಂದೆ ಕುಳಿತು, ಬೇಕೆಂದೇ ಕೆಡಿಸಿದೆ. ಆಮೇಲೆ ಅವಳು ಅದೇ ಕ್ಯಾಮೆರಾ ಹಿಡಿದುಕೊಂಡು ‘ಎಂತ ಆಗಿದೆ ಒಮ್ಮೆ ನೋಡಿ ಅಣ್ಣ’ ಎಂದು ನನ್ನ ಹತ್ತಿರವೇ ಬಂದಾಗ, ತಪ್ಪು ಅವಳ ಕೈಯದ್ದು ಎಂದೆ. ಅವಳು ನಂಬಿದಳು.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ.

ನನ್ನ ಹೆಸರು ದಾಮೋದರ. ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ನನ್ನ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೊ, ಮದುವೆ, ಗೃಹಪ್ರವೇಶ — ಹೊಟ್ಟೆಪಾಡು ಅವುಗಳಿಂದ. ಆದರೆ ನನ್ನನ್ನು ನಾನು ಆಟದ ಫೋಟೊಗ್ರಾಫರ್ ಎಂದೇ ತಿಳಿದುಕೊಂಡಿದ್ದೆ. ನಮ್ಮ ಊರಿನಲ್ಲಿ ದೊಡ್ಡ ಕಾಲೇಜುಗಳಿವೆ. ರಾಜ್ಯದ ಮೂಲೆ ಮೂಲೆಯಿಂದ ಬಂದ ಮಕ್ಕಳು ಇಲ್ಲಿ ಓಡುತ್ತಾರೆ, ಎಸೆಯುತ್ತಾರೆ, ಜಿಗಿಯುತ್ತಾರೆ. ಯಾವ ಕ್ರೀಡಾಕೂಟವಾದರೂ ಕರೆ ನನಗೇ ಬರುತ್ತಿತ್ತು. ಓಡಿ ಬರುವವರ ಕಣ್ಣಿನ ಮೇಲೆ ಫೋಕಸ್ ಕೂರಿಸುವುದು ಸುಲಭವಲ್ಲ ಎಂಬುದು ಮಾಡಿದವರಿಗೆ ಗೊತ್ತು. ಕ್ಯಾಮೆರಾ ತಾನಾಗಿ ಫೋಕಸ್ ಹಿಡಿಯುತ್ತದೆ, ನಿಜ — ಆದರೆ ಯಾವುದರ ಮೇಲೆ ಹಿಡಿಯಬೇಕು ಎಂಬುದು ಅದಕ್ಕೆ ತಿಳಿಯದು. ಓಟಗಾರ್ತಿಯನ್ನು ಬಿಟ್ಟು ಹಿಂದಿನ ಬ್ಯಾನರನ್ನು ಹಿಡಿಯುತ್ತದೆ. ನೆಟ್ಟಿನ ಆಚೆಯ ಹುಡುಗನನ್ನು ಬಿಟ್ಟು ನೆಟ್ಟನ್ನೇ ಹಿಡಿಯುತ್ತದೆ. ಅದನ್ನು ಪಳಗಿಸಲಿಕ್ಕೆ ನನಗೆ ಬಹಳ ಕಾಲ ಹಿಡಿದಿತ್ತು. ಪಳಗಿಸಿದ್ದೇನೆ ಎಂಬ ಹೆಮ್ಮೆಯೂ ಇತ್ತು.

ವೇದಾವತಿ ಅಳದಂಗಡಿಯವಳು. ಕಾಲೇಜು ತಂಡದಲ್ಲಿ ವಾಲಿಬಾಲ್ ಆಡುತ್ತಿದ್ದಳು — ಲಿಫ್ಟರ್. ಅಂದರೆ ಸ್ಮ್ಯಾಶ್ ಹೊಡೆಯುವವರಿಗೆ ಚೆಂಡನ್ನು ಎತ್ತಿಕೊಡುವವಳು. ದೈಹಿಕ ಶಿಕ್ಷಣದ ತರಬೇತಿ ಮುಗಿಸುವ ಹೊತ್ತಿಗೆ ಮೊಣಕಾಲಿಗೆ ಪೆಟ್ಟಾಗಿ ಆಟ ನಿಂತಿತ್ತು. ಒಂದು ದಿನ ಸ್ಟುಡಿಯೋದ ಮೆಟ್ಟಿಲನ್ನು ಮೆಲ್ಲಗೆ ಹತ್ತಿ ಬಂದು, ಕೂರು ಎಂದರೂ ಕೂರದೆ ಕೇಳಿದಳು: “ಆಟ ಬಿಟ್ಟು ಇರ್ಲಿಕ್ಕೆ ಆಗುದಿಲ್ಲ ಅಣ್ಣ. ಬದಿಯಲ್ಲಿ ನಿಂತಾದ್ರೂ ಇರ್ತೇನೆ. ಫೋಟೊ ತೆಗೀಲಿಕ್ಕೆ ಕಲಿಸ್ತೀರಾ?”

ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ಬರೆಯಲಿಕ್ಕೆ ಕನ್ನಡವೇ ಅಭ್ಯಾಸವಾದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಲಿಸಿದೆ. ಮನಸ್ಸಿಟ್ಟೇ ಕಲಿಸಿದೆ — ಇದನ್ನೊಂದು ಹೇಳಿಕೊಳ್ಳಬೇಕೆನಿಸುತ್ತದೆ. ಬೆಳುವಾಯಿಯಲ್ಲಿ ಕೊಯ್ಲಾದ ಗದ್ದೆಯಲ್ಲಿ ವಾಲಿಬಾಲ್ ಪಂದ್ಯ ಇತ್ತು. ನನ್ನ ಹಳೆಯ ಕ್ಯಾಮೆರಾವೊಂದನ್ನು ಅವಳ ಕೈಗೆ ಕೊಟ್ಟು ಅಂಕಣದ ಬದಿಯಲ್ಲಿ ಕೂರಿಸಿದೆ. ಅವಳು ಗುಂಡಿ ಒತ್ತುವುದನ್ನು ನೋಡಿ ನಗು ಬಂತು. ಚೆಂಡು ಇನ್ನೂ ಮೇಲೆಲ್ಲೋ ಇದ್ದಾಗಲೇ ಒತ್ತುತ್ತಿದ್ದಳು.

“ಅವಸರ ಮಾಡ್ಬೇಡ ಮಾರಾಯ್ತಿ. ಚೆಂಡು ಬರ್ಲಿ,” ಎಂದೆ.

“ಚೆಂಡು ಬಂದ ಮೇಲೆ ಒತ್ತಿದ್ರೆ ಅಷ್ಟೊತ್ತಿಗೆ ಹೋಗಿ ಆಗಿರ್ತದೆ ಅಲ್ವಾ ಅಣ್ಣ?”

ಸಂಜೆ ಕಂಪ್ಯೂಟರಿಗೆ ಹಾಕಿ ನೋಡಿದೆ. ನೋಡಿದವನು ಎದ್ದು ನಿಂತೆ — ಯಾಕೆ ಎದ್ದೆನೋ, ಕುಳಿತು ನೋಡುವಂಥದ್ದಲ್ಲ ಎಂದು ಅನಿಸಿರಬೇಕು. ಹೊಡೆಯುವವನ ಅಂಗೈ ಚೆಂಡಿನ ಮೇಲೆ ಬಿದ್ದ ಆ ಕ್ಷಣ. ಚೆಂಡು ಉರುಟಾಗಿರಲಿಲ್ಲ; ಕೈಯಡಿಯಲ್ಲಿ ಚಪ್ಪಟೆಯಾಗಿತ್ತು. ನೆಟ್ಟಿನ ಆಚೆ ತಡೆಯಲು ಜಿಗಿದವನ ಬೆರಳುಗಳು ಬಿಡಿಸಿದ ಹಾಗೆ ಇದ್ದವು, ಕಣ್ಣು ಹೆದರಿಕೆಯಿಂದ ಮುಚ್ಚಿತ್ತು. ಅಷ್ಟು ವರ್ಷದಲ್ಲಿ ಚಪ್ಪಟೆಯಾದ ಚೆಂಡು ನನ್ನ ಒಂದು ಫೋಟೊದಲ್ಲೂ ಇರಲಿಲ್ಲ. ನಾನು ಚೆಂಡನ್ನು ಹಿಂಬಾಲಿಸುತ್ತಿದ್ದೆ. ಅವಳು ಚೆಂಡು ಹೋಗುವ ಜಾಗದಲ್ಲಿ ಮೊದಲೇ ಹೋಗಿ ಕಾಯುತ್ತಿದ್ದಳು. ಲಿಫ್ಟರ್ ಆಗಿದ್ದವಳಲ್ಲವೇ — ಯಾರು, ಎಲ್ಲಿ, ಎಷ್ಟು ಎತ್ತರಕ್ಕೆ ಎಂಬುದು ಅವಳ ಮೈಗೇ ತಿಳಿದಿತ್ತು.

ಆ ಫೋಟೊ ನೋಡಿ ನನಗೆ ಆದದ್ದು ಮೊದಲಿಗೆ ಬರೀ ಬೆರಗು. ಹೊಟ್ಟೆಕಿಚ್ಚು ಆಮೇಲೆ ಬಂತು. ಎರಡರ ನಡುವೆ ಎಷ್ಟು ಕಾಲ ಇತ್ತು, ಯಾವಾಗ ಒಂದು ಹೋಗಿ ಇನ್ನೊಂದು… ಅದನ್ನು ಹುಡುಕಿ ಹುಡುಕಿ ಸಾಕಾಗಿದೆ.

ಅವಳ ಅಣ್ಣ ವಸಂತ ಆಗ ದುಬೈಯಲ್ಲಿದ್ದ. ರಜೆಗೆ ಬರುವಾಗ ತಂಗಿಗೆಂದು ಹೊಸ ಕ್ಯಾಮೆರಾ, ದೂರದ್ದನ್ನು ಹತ್ತಿರಕ್ಕೆ ತರುವ ದೊಡ್ಡ ಲೆನ್ಸ್ ತಂದುಕೊಟ್ಟ. ಅದನ್ನು ಅವಳು ಮೊದಲು ತಂದು ತೋರಿಸಿದ್ದು ನನಗೆ. ಪೆಟ್ಟಿಗೆ ತೆರೆದದ್ದು ನನ್ನ ಮೇಜಿನ ಮೇಲೆ. ಒಂದೊಂದು ಗುಂಡಿಯನ್ನೂ, ಮೆನುವಿನ ಒಂದೊಂದು ಪುಟವನ್ನೂ ನಾನೇ ವಿವರಿಸಿ ಹೇಳಿದೆ. ಒಂದನ್ನು ಬಿಟ್ಟು.

ಆ ಒಂದು ಏನೆಂದು ಹೇಳಬೇಕು. ಆಗಿನ ಕ್ಯಾಮೆರಾಗಳಲ್ಲಿ ಮೆನುವಿನ ತಳದಲ್ಲಿ ಒಂದು ಸೆಟ್ಟಿಂಗ್ ಇರುತ್ತಿತ್ತು. ಕೆಲವು ಲೆನ್ಸ್ ಕ್ಯಾಮೆರಾದ ಜೊತೆ ಸರಿಯಾಗಿ ಹೊಂದದೆ, ಫೋಕಸ್ ಒಂದಿಷ್ಟು ಮುಂದೆಯೋ ಹಿಂದೆಯೋ ಬೀಳುತ್ತದೆ. ಆಗ ಅದನ್ನು ಸೊನ್ನೆಯಿಂದ ಆಚೆಗೋ ಈಚೆಗೋ ಸರಿಸಿ ತಿದ್ದಬಹುದು. ಸರಿ ಇರುವ ಲೆನ್ಸಿಗೆ ಅದನ್ನು ಸರಿಸಿದರೆ — ಸರಿ ಇರುವುದು ತಪ್ಪುತ್ತದೆ. ಕಣ್ಣಿನ ಮೇಲೆ ಗುರಿಯಿಟ್ಟರೆ ಕಿವಿಯ ಹಿಂದೆ ಫೋಕಸ್ ಬೀಳುತ್ತದೆ. ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ನೋಡಿದರೆ ಎಲ್ಲ ಸರಿ ಇದ್ದ ಹಾಗೆಯೇ ಕಾಣುತ್ತದೆ. ಮನೆಗೆ ಹೋಗಿ ದೊಡ್ಡದು ಮಾಡಿ ನೋಡಿದಾಗಲೇ ಗೊತ್ತಾಗುವುದು. ಅಷ್ಟೊತ್ತಿಗೆ ಪಂದ್ಯ ಮುಗಿದಿರುತ್ತದೆ.

ಅದನ್ನು ಯಾಕೆ ಹೇಳಿಕೊಡಲಿಲ್ಲ? ಮೊದಲ ದಿನವೇ ಮನಸ್ಸಿನಲ್ಲಿ ಕೆಟ್ಟದ್ದು ಇತ್ತೇ, ಅಥವಾ ಹೊಸಬರಿಗೆ ಅದು ಬೇಡ ಎಂದು ಬಿಟ್ಟೆನೇ — ಪ್ರಾಮಾಣಿಕವಾಗಿ ಹೇಳುತ್ತೇನೆ, ನನಗೆ ಗೊತ್ತಿಲ್ಲ.

ಆ ವರ್ಷ ಮೂಡುಬಿದಿರೆಯಲ್ಲಿ ದೊಡ್ಡ ಅಥ್ಲೆಟಿಕ್ಸ್ ಕೂಟ ನಿಗದಿಯಾಗಿತ್ತು. ಹೊರರಾಜ್ಯಗಳಿಂದಲೂ ಮಕ್ಕಳು ಬರುವವರಿದ್ದರು. ಅದರ ಫೋಟೊ ಕೆಲಸ ನನಗೇ ಎಂದು ನಾನು ಕೇಳದೆಯೇ ನಂಬಿದ್ದೆ. ಆದರೆ ವೇದಾವತಿ ತೆಗೆದ ಫೋಟೊಗಳನ್ನು ಅಷ್ಟರಲ್ಲಿ ಎಲ್ಲರೂ ನೋಡಿದ್ದರು. ಕೂಟ ನಡೆಸುತ್ತಿದ್ದ ಕ್ರೀಡಾ ನಿರ್ದೇಶಕರು — ನಾವೆಲ್ಲ ಅವರನ್ನು ಸರ್ ಎಂದೇ ಕರೆಯುತ್ತಿದ್ದೆವು — ಒಂದು ಮಧ್ಯಾಹ್ನ ಫೋನ್ ಮಾಡಿದರು.

“ದಾಮೋದರ್ರೇ, ಟ್ರ್ಯಾಕಿಗೆ ಈ ಸಲ ಆ ಹುಡುಗಿ ಇರ್ಲಿ. ಅವಳ ಫೋಟೊ ನೋಡಿದ್ರೆ ಮೈ ಜುಂ ಅಂತದೆ ಮಾರಾಯ್ರೆ. ನೀವು ಉದ್ಘಾಟನೆ, ಬಹುಮಾನ ವಿತರಣೆ ನೋಡಿಕೊಳ್ಳಿ. ಬೇಜಾರಿಲ್ಲ ಅಲ್ವಾ?”

“ಎಂತ ಬೇಜಾರು ಸರ್, ನಮ್ಮ ಹುಡುಗಿಯೇ ಅಲ್ವಾ,” ಎಂದು ಫೋನಿಟ್ಟೆ.

ಆ ಹೊತ್ತಿಗೆ, ಹಿಂದಿನ ದಿನದ ಪಂದ್ಯದ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಲು ಬಿಟ್ಟು ವೇದಾವತಿ ಕೆಳಗಿನ ಹೋಟೆಲಿಗೆ ಊಟಕ್ಕೆ ಹೋಗಿದ್ದಳು. ಪರದೆಯ ಮೇಲೆ ಅವಳ ಫೋಟೊಗಳು ಒಂದೊಂದಾಗಿ ಬರುತ್ತಿದ್ದವು. ಅದೇ ಪಂದ್ಯಕ್ಕೆ ನಾನೂ ಹೋಗಿದ್ದೆ, ಅದೇ ಬದಿಯಲ್ಲಿ ಕುಳಿತಿದ್ದೆ. ಅವಳು ಕಂಡದ್ದು ನನಗೆ ಕಂಡಿರಲಿಲ್ಲ. ಅವಳ ಕ್ಯಾಮೆರಾ ನನ್ನ ಕೈಯಳತೆಯಲ್ಲಿತ್ತು. ಎತ್ತಿಕೊಂಡೆ. ಮೆನುವಿನ ತಳಕ್ಕೆ ಹೋದೆ. ಸೊನ್ನೆಯಿಂದ ಸರಿಸುತ್ತಾ ಹೋದೆ, ಇನ್ನು ಸರಿಯದು ಎನ್ನುವವರೆಗೆ.

ಅರ್ಧ ನಿಮಿಷದ ಕೆಲಸ. ಕ್ಯಾಮೆರಾವನ್ನು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಹಾಗೆಯೇ ಇಟ್ಟೆ. ಅದು ನನಗೆ ಈಗಲೂ ನೆನಪಿದೆ.

ಆ ವಾರವೇ ಬಂಟ್ವಾಳದಲ್ಲಿ ಹುಡುಗಿಯರ ವಾಲಿಬಾಲ್ ಪಂದ್ಯಾಟ. ಸರ್ ಅವರ ತಂಡವೂ ಇತ್ತು, ಫೋಟೊ ತೆಗೆಯಲು ಅವಳು ಹೋದಳು. ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗಲೇ ಮೆಟ್ಟಿಲ ಮೇಲೆ ಕುಳಿತಿದ್ದಳು.

“ಅಣ್ಣ, ಎಂತದೋ ಆಗಿದೆ. ಒಂದೂ ಸರಿ ಬರ್ಲಿಲ್ಲ. ಎಲ್ಲ ಮಸುಕು.”

ಅವತ್ತು ನಾನು ಆಡಿದ ನಾಟಕವನ್ನು ಪೂರ್ತಿ ಬರೆಯುತ್ತೇನೆ. ಬಿಟ್ಟರೆ ನನಗೆ ಅನುಕೂಲವಾಗುತ್ತದೆ. ಲೆನ್ಸ್ ಬಿಚ್ಚಿ, ಕ್ಯಾಮೆರಾಕ್ಕೆ ತಾಗುವ ಹಿಂಬದಿಯ ಹಿತ್ತಾಳೆಯ ಚುಕ್ಕಿಗಳನ್ನು ಮೆದು ಬಟ್ಟೆಯಿಂದ ಒರೆಸಿದೆ. ಲೆನ್ಸಿನ ಮುಂದೆ ರಕ್ಷಣೆಗೆ ಹಾಕಿದ್ದ ಗಾಜು ತೆಗೆದು ಬೆಳಕಿಗೆ ಹಿಡಿದೆ. ಚಲಿಸುವ ವಸ್ತುವನ್ನು ಬಿಡದೆ ಹಿಂಬಾಲಿಸುವ ಫೋಕಸ್ ಹಾಕಿದ್ದಾಳಾ, ಫೋಕಸ್ಸಿನ ಗುರಿಗೆ ಒಂದೇ ಚುಕ್ಕಿ ಇಟ್ಟಿದ್ದಾಳಾ, ಶಟರ್ ವೇಗ ಸಾಕಷ್ಟಿತ್ತಾ — ಒಂದೊಂದನ್ನೇ ಕೇಳಿದೆ. ಒಂದೊಂದಕ್ಕೂ ಅವಳು ಸರಿಯಾಗಿಯೇ ಉತ್ತರ ಕೊಟ್ಟಳು. ಕ್ಯಾಮೆರಾವನ್ನು ಮೊದಲಿನ ಸ್ಥಿತಿಗೆ ತರುವ ಗುಂಡಿಗಳನ್ನೂ ಒತ್ತಿ ನೋಡಿದ್ದಳು. ನಾನು ಮಾಡಿದ್ದು ಅದರಿಂದ ಅಳಿಯುವಂಥದ್ದಲ್ಲ.

ಕೊನೆಗೆ ಅವಳನ್ನು ಕೆಳಗೆ ಕರೆದುಕೊಂಡು ಹೋಗಿ, ಸ್ಟ್ಯಾಂಡಿಗೆ ಬರುವ ಬಸ್ಸುಗಳನ್ನು ಎದುರಿನಿಂದ ತೆಗೆ ಎಂದೆ. ತೆಗೆದಳು. ಮೇಲೆ ಬಂದು ದೊಡ್ಡದು ಮಾಡಿ ನೋಡಿದೆವು. ಬಸ್ಸಿನ ಎದುರಿನ ಬೋರ್ಡು ಓದಲಾಗದಷ್ಟು ಮಸುಕು. ಒಳಗೆ ಎರಡನೇ ಸೀಟಿನಲ್ಲಿ ಕುಳಿತ ಹೆಂಗಸಿನ ಮುಡಿಯಿಂದ ಹೆಗಲಿಗೆ ಇಳಿದ ಮಲ್ಲಿಗೆ ಎಣಿಸುವಷ್ಟು ಸ್ಪಷ್ಟ. ಫೋಕಸ್ ಹಿಂದೆ ಬೀಳುತ್ತಿದೆ ಎಂದು ಹೇಳಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಹೇಳಬಹುದಿತ್ತು. ‘ಓ, ಲೆನ್ಸ್ ಹೊಂದುತ್ತಿಲ್ಲ, ಕೊಡು ಇಲ್ಲಿ’ ಎಂದು ಅಲ್ಲೇ ಸೊನ್ನೆಗೆ ತಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ತಪ್ಪು ಒಂದು ವಾರದ ತಪ್ಪಾಗಿ ಮುಗಿಯುತ್ತಿತ್ತು.

“ಕ್ಯಾಮೆರಾ ಸರಿ ಉಂಟು ವೇದಾ,” ಎಂದೆ. “ನಿನ್ನ ಕೈಯೇ ಒಂಚೂರು ತಪ್ತದೆ. ಕಣ್ಣು ನೋಡಿದ್ದಕ್ಕೆ ಕೈ ಕೂಡುದಿಲ್ಲ.”

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಎಷ್ಟೋ ಪಂದ್ಯಗಳಲ್ಲಿ ಚೆಂಡನ್ನು ಹೂವಿನ ಹಾಗೆ ಎತ್ತಿಕೊಟ್ಟ ಕೈಗಳು.

ಸುಲಭಕ್ಕೆ ಸೋಲುವವಳಲ್ಲ ಅವಳು. ಲೆನ್ಸನ್ನು ಮಂಗಳೂರಿಗೆ ರಿಪೇರಿಗೆ ಕಳಿಸುವ ಎಂದಳು. ಸರಿ, ಲೆನ್ಸ್ ಮಾತ್ರ ಕಳಿಸು, ಕ್ಯಾಮೆರಾ ಬೇಡ ಎಂದೆ; ಕ್ಯಾಮೆರಾ ಹೋದರೆ ಅವರು ಆ ಸೆಟ್ಟಿಂಗ್ ನೋಡಿಬಿಡುತ್ತಿದ್ದರು. ಲೆನ್ಸ್ ಯಾವ ದೋಷವೂ ಇಲ್ಲ ಎಂದು ವಾಪಸು ಬಂತು. ಬೆಳ್ತಂಗಡಿಯಲ್ಲಿ ಕಣ್ಣಿನ ಡಾಕ್ಟರನ್ನು ಕಂಡು ಬಂದಳು. ಕಣ್ಣಿಗೆ ಏನೂ ಆಗಿಲ್ಲ ಎಂದರಂತೆ. ಅವಳಿಗೆ ಅದರಿಂದ ಸಮಾಧಾನ ಆಗಲಿಲ್ಲ, ಡಾಕ್ಟರಿಗೆ ಗೊತ್ತಾಗದಂಥದ್ದು ಏನೋ ಇರಬೇಕು ಎಂದಳು. ಮನೆಯ ಹತ್ತಿರದ ಶಾಲೆಯ ಮೈದಾನದಲ್ಲಿ ಸಂಜೆ ಓಡುವ ಮಕ್ಕಳನ್ನು ತೆಗೆದು ತೆಗೆದು ಅಭ್ಯಾಸ ಮಾಡಿದಳು. ಪ್ರತಿ ಸಲವೂ ಮಕ್ಕಳ ಹಿಂದಿನ ಗೋಡೆ ಸ್ಪಷ್ಟ.

ಒಮ್ಮೆ ಅವಳು ಸತ್ಯದ ಬಾಗಿಲಿನ ತನಕ ಬಂದಳು. “ಅಣ್ಣ, ಲೆನ್ಸಿಗೂ ಕ್ಯಾಮೆರಾಕ್ಕೂ ಹೊಂದಿಕೆ ಆಗದಿದ್ರೆ ಸರಿ ಮಾಡ್ಲಿಕ್ಕೆ ಮೆನುವಿನಲ್ಲಿ ಎಂತದೋ ಉಂಟಂತೆ, ಹೌದಾ? ಎಲ್ಲೋ ಓದಿದೆ.”

“ಅದನ್ನೆಲ್ಲ ಮುಟ್ಲಿಕ್ಕೆ ಹೋಗ್ಬೇಡ,” ಎಂದೆ. “ಇದ್ದದ್ದೂ ಹಾಳಾದೀತು.”

ಮುಟ್ಟಲಿಲ್ಲ. ನನ್ನ ಮಾತಿಗೆ ಅವಳು ಅಷ್ಟು ಬೆಲೆ ಕೊಡುತ್ತಿದ್ದಳು.

ಬಂಟ್ವಾಳದ ಫೋಟೊಗಳನ್ನು ನೋಡಿ ಸರ್ ನನ್ನನ್ನು ಕರೆಸಿ ವಿಚಾರಿಸಿದರು. ‘ಹುಡುಗಿಗೆ ಕೈ ಕೂಡುದಿಲ್ಲ ಸರ್, ಮೊದಲಿನದ್ದೆಲ್ಲ ಏನೋ ಅದೃಷ್ಟ’ ಎಂದೆ. ದುಬೈಯಿಂದ ವಸಂತ ಫೋನ್ ಮಾಡಿದಾಗ ‘ಹವ್ಯಾಸಕ್ಕೆ ಆದೀತು, ಕೆಲಸಕ್ಕೆ ಆಗ್ಲಿಕ್ಕಿಲ್ಲ’ ಎಂದೆ. ಟ್ರ್ಯಾಕಿನ ಕೆಲಸ ನನಗೆ ವಾಪಸು ಬಂತು.

ಕೂಟದ ದಿನ ವೇದಾವತಿಯೂ ಬಂದಿದ್ದಳು. ಅವಳ ತಂಡದ ಹಳೆಯ ಗೆಳತಿಯೊಬ್ಬಳು ಸ್ವಯಂಸೇವಕಿಯಾಗಿದ್ದುದರಿಂದ ಹೈಜಂಪಿನ ಮೂಲೆಯಲ್ಲಿ ಕೂರಲು ಅವಳಿಗೆ ಜಾಗ ಸಿಕ್ಕಿತ್ತು. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಇಟ್ಟಿದ್ದಳು. ಲೆನ್ಸಿಗೆ ಸುತ್ತ ಕಪ್ಪು ಟೇಪ್ ಸುತ್ತಿದ್ದಳು. ತಾನಾಗಿ ಹಿಡಿಯುವ ಫೋಕಸ್ ನಂಬಲಿಕ್ಕಾಗದು ಎಂದು ಅದನ್ನು ಆಫ್ ಮಾಡಿ, ಅಡ್ಡಕೋಲಿನ ಮೇಲೆ ಗಾಳಿಯಲ್ಲಿ ಒಂದು ಜಾಗಕ್ಕೆ ಕೈಯಿಂದಲೇ ಫೋಕಸ್ ತಿರುಗಿಸಿ, ಅದು ಅಲುಗದ ಹಾಗೆ ಅಂಟಿಸಿದ್ದಳು. ಆಮೇಲೆ ಕ್ಯಾಮೆರಾದೊಳಗೆ ಕಣ್ಣಿಡಲೇ ಇಲ್ಲ. ಪಕ್ಕದಲ್ಲಿ ಕುಳಿತು, ಬರಿಗಣ್ಣಿನಿಂದ ಜಿಗಿಯುವವರನ್ನು ನೋಡುತ್ತಿದ್ದಳು. ಅವರು ಹೆಜ್ಜೆ ಅಳೆಯುವುದನ್ನು, ಉಸಿರು ಬಿಡುವುದನ್ನು, ಯಾವ ಕಾಲನ್ನು ಮೊದಲು ಇಡುತ್ತಾರೆ ಎಂಬುದನ್ನು. ಬೆಳಗಿನಿಂದ ಹಾಗೇ ಕುಳಿತಿದ್ದಳು, ಒಮ್ಮೆಯೂ ಒತ್ತದೆ.

ನಾನು ಓಟದ ಫೋಟೊ ತೆಗೆಯುವುದನ್ನು ಬಿಟ್ಟು ಅಲ್ಲಿಗೆ ಬಂದೆ. ಕೊನೆಗೆ ಉಳಿದಿದ್ದವಳು ವಿಜಯಪುರದ ಕಡೆಯ ಒಂದು ಹುಡುಗಿ, ಎತ್ತರವೇನೂ ಇಲ್ಲ. ಕೋಲನ್ನು ಅವಳ ತಲೆಗಿಂತ ಮೇಲಕ್ಕೆ ಏರಿಸಿದ್ದರು. ಅವಳು ಓಟ ಶುರುಮಾಡಿದಳು. ನನ್ನ ಕ್ಯಾಮೆರಾ ಅವಳನ್ನು ಹಿಡಿದುಕೊಂಡೇ ಇತ್ತು, ನಾನು ಒತ್ತಿಕೊಂಡೇ ಇದ್ದೆ — ಆದರೆ ನನ್ನ ಕಣ್ಣು ವೇದಾವತಿಯ ಮೇಲೆ. ಹುಡುಗಿ ನೆಲ ಬಿಡುವ ಮೊದಲೇ ವೇದಾವತಿಯ ಮೈ ಸ್ವಲ್ಪ ಎದ್ದಿತು, ತಾನೇ ಜಿಗಿಯುವವಳ ಹಾಗೆ. ನೋವಿನ ಕಾಲಿನ ಮೇಲೆ ಭಾರ ಬಿದ್ದದ್ದೂ ತಿಳಿಯಲಿಲ್ಲವೇನೋ. ಒಂದೇ ಒಂದು ಸಲ ಒತ್ತಿದಳು. ಹುಡುಗಿ ಆಚೆ ಬಿದ್ದಳು. ಕೋಲು ಬೀಳಲಿಲ್ಲ. ಮೈದಾನವೆಲ್ಲ ಕೂಗಿತು. ವೇದಾವತಿ ಕ್ಯಾಮೆರಾದ ಪರದೆ ನೋಡಲೂ ಹೋಗದೆ ಚಪ್ಪಾಳೆ ತಟ್ಟುತ್ತಾ ಅಳುತ್ತಿದ್ದಳು.

ಕೆಲವು ದಿನ ಬಿಟ್ಟು ಆ ಫೋಟೊವನ್ನು ಸ್ಟುಡಿಯೋಕ್ಕೆ ತಂದಳು. ಹೇಗೆ ಹೇಳಲಿ? ಹುಡುಗಿ ಕೋಲಿನ ಮೇಲೆ ಮಲಗಿದ್ದಳು, ಬಿಲ್ಲಿನ ಹಾಗೆ ಬೆನ್ನು ಬಾಗಿಸಿ. ಮೋಡದ ಬೆಳಕು ಮೇಲಿನಿಂದ. ಅವಳ ಕಣ್ಣು ತೆರೆದಿತ್ತು. ಕೋಲನ್ನು ನೋಡುತ್ತಿರಲಿಲ್ಲ, ಯಾರನ್ನೂ ನೋಡುತ್ತಿರಲಿಲ್ಲ, ಆಕಾಶವನ್ನು ನೋಡುತ್ತಿದ್ದಳು — ಅಲ್ಲಿಗೇ ಹೋಗಲು ಹೊರಟವಳ ಹಾಗೆ. ಮುಖದಲ್ಲಿ ಶ್ರಮ ಇರಲಿಲ್ಲ. ಕುತ್ತಿಗೆಯ ಹಿಂದಿನ ಸಣ್ಣ ಕೂದಲು, ಎದೆಗೆ ಕಟ್ಟಿದ ನಂಬರಿನ ಸೇಫ್ಟಿ ಪಿನ್ನು, ತುಟಿಯ ಮೇಲಿನ ಬೆವರು, ಎಲ್ಲವೂ ಕೈಯಿಂದ ಮುಟ್ಟುವಷ್ಟು ಹತ್ತಿರ. ಮನುಷ್ಯನ ಮೈ ಇಷ್ಟು ಹಗುರಾಗಬಲ್ಲದು ಎಂದು ನಾನು ಅವತ್ತಿನ ತನಕ ನಂಬಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಅದೇ ಜಿಗಿತದ ಫೋಟೊಗಳ ಸಾಲೇ ಇತ್ತು, ಎಲ್ಲವೂ ಸ್ಪಷ್ಟ, ಒಂದರಲ್ಲೂ ಆ ಹುಡುಗಿ ಇರಲಿಲ್ಲ.

“ಎಷ್ಟು ಚಂದ ಬಂದಿದೆ ವೇದಾ,” ಎಂದೆ.

“ದಿನಕ್ಕೆ ಇಂಥದ್ದು ಒಂದು ಬಂದ್ರೆ ಯಾರಿಗೆ ಬೇಕು ಅಣ್ಣ? ಕೂಟ ಮಾಡುವವರಿಗೆ ಎಲ್ಲವೂ ಬೇಕು. ನೀವು ಹೇಳಿದ್ದು ಸರಿ, ನನ್ನದು ಕೈ ಕೂಡುದಿಲ್ಲ.” ಹೆಗಲಿನಿಂದ ಚೀಲ ಇಳಿಸಿ ಮೇಜಿನ ಮೇಲಿಟ್ಟಳು. “ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಪಿ.ಟಿ. ಟೀಚರ್. ಇದು ನಿಮ್ಮಲ್ಲೇ ಇರ್ಲಿ. ನಿಮ್ಮ ಕೈಯಲ್ಲಾದ್ರೆ ಸರಿಯಾದೀತು. ಮನೆಯಲ್ಲಿ ಕಣ್ಣೆದುರು ಇದ್ರೆ ನನಗೆ ಆಗುದಿಲ್ಲ.”

ಅವಳು ಮೆಟ್ಟಿಲಿಳಿದು ಹೋದ ಮೇಲೆ ಕ್ಯಾಮೆರಾ ತೆಗೆದೆ. ಸೆಟ್ಟಿಂಗನ್ನು ಸೊನ್ನೆಗೆ ತಂದೆ. ಕಿಟಕಿಯಿಂದ ಕೆಳಗೆ ಗುರಿಯಿಟ್ಟು ಒತ್ತಿದೆ. ಅಳದಂಗಡಿಗೆ ಹೋಗುವ ಬಸ್ಸು ನಿಂತಿತ್ತು, ಅದರ ಬೋರ್ಡಿನ ಒಂದೊಂದು ಅಕ್ಷರವೂ ಕೊರೆದ ಹಾಗೆ ಬಂತು. ಬಸ್ಸಿನ ಕಿಟಕಿಯ ಹತ್ತಿರ ವೇದಾವತಿ ಕುಳಿತಿದ್ದಳು. ಇಳಿದು ಓಡಿದ್ದರೆ ಸಿಗುತ್ತಿದ್ದಳು. ಡ್ರೈವರ್ ಇನ್ನೂ ಹತ್ತಿರಲಿಲ್ಲ. ನಾನು ಕಿಟಕಿಯಲ್ಲೇ ನಿಂತೆ. ಬಸ್ಸು ಹೋಯಿತು.

ಆಮೇಲೆ ವರ್ಷಗಳು ಹೋದವು. ಕೆಲಸ ನಡೆಯಿತು, ಹೆಸರೂ ಆಯಿತು. ಈಗ ಬಂದಿರುವ ಕ್ಯಾಮೆರಾಗಳು ಓಡುವವರ ಕಣ್ಣನ್ನು ತಾವೇ ಹುಡುಕುತ್ತವೆ. ಮುಖ ತಿರುಗಿಸಿದರೂ ಬಿಡುವುದಿಲ್ಲ. ಎಲ್ಲರದ್ದೂ ಸ್ಪಷ್ಟವಾಗಿಯೇ ಬರುತ್ತದೆ. ಎಲ್ಲಿ ಹೋಗಿ ಕಾಯಬೇಕು ಎಂಬುದನ್ನು ಹೇಳಿಕೊಡುವ ಕ್ಯಾಮೆರಾ ಮಾತ್ರ ಇನ್ನೂ ಬಂದಿಲ್ಲ. ವೇದಾವತಿಯನ್ನು ಕಾಣುವ ಸಂದರ್ಭಗಳನ್ನು ನಾನು ತಪ್ಪಿಸುತ್ತಾ ಬಂದೆ. ಅವಳೂ ಮೂಡುಬಿದಿರೆಯ ಕಡೆ ಬರಲಿಲ್ಲ.

ಕಳೆದ ತಿಂಗಳು ಬಂಟ್ವಾಳದಲ್ಲಿ ಶಾಲಾ ಮಕ್ಕಳ ವಾಲಿಬಾಲ್ ಪಂದ್ಯಾಟ. ಫೋಟೊಕ್ಕೆ ನಾನು ಹೋಗಿದ್ದೆ. ಗೆದ್ದ ಹುಡುಗಿಯರ ತಂಡದ ಟೀಚರ್ ಅವಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಪಂದ್ಯ ನಡೆಯುವಾಗ ಅವಳು ಅಂಕಣದ ಹೊರಗೆ ನಿಂತು ‘ಎಡಕ್ಕೆ! ಈಗ!’ ಎಂದು ಕೂಗುವುದನ್ನು ದೂರದಿಂದ ನೋಡಿದೆ. ಎದುರು ತಂಡದವರು ಇನ್ನೂ ಕೈ ಎತ್ತುವ ಮೊದಲೇ ಕೂಗುತ್ತಿದ್ದಳು. ಒಂದೂ ತಪ್ಪಲಿಲ್ಲ. ಹಳೆಯ ಬೆರಗು ಮತ್ತೆ ಎದೆಗೆ ಬಂದು ಹೊಡೆಯಿತು.

ಗೆದ್ದ ಮೇಲೆ ಮಕ್ಕಳು ಕಪ್ ಹಿಡಿದು ಸಾಲಾಗಿ ನಿಂತರು. ಒಬ್ಬ ಹುಡುಗಿಯ ತಾಯಿ ತನ್ನ ಮೊಬೈಲನ್ನು ವೇದಾವತಿಯ ಕೈಗೆ ಕೊಡಲು ಬಂದಳು.

“ಟೀಚರ್, ಒಂದು ತೆಗೀರಿ. ನಾನೂ ಮಗಳ ಹತ್ರ ನಿಲ್ತೇನೆ.”

ವೇದಾವತಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು. “ಅಯ್ಯೋ ಬೇಡಮ್ಮ. ನಾನು ತೆಗೆದ್ರೆ ಸರಿ ಬರುದಿಲ್ಲ. ನನ್ನ ಕೈ ಕೂಡುದಿಲ್ಲ. ಬೇರೆ ಯಾರಾದ್ರೂ ತೆಗೀಲಿ.”

ಆ ಮಾತು ನನ್ನದು. ನಾನು ಕೊಟ್ಟದ್ದು. ಮೊಬೈಲಿನಲ್ಲಿ ಒಂದು ಫೋಟೊ — ಮಕ್ಕಳೂ ತೆಗೆಯುತ್ತಾರಲ್ಲ… ಅದನ್ನೂ ಅವಳಿಂದ ಕಿತ್ತುಕೊಂಡಿದ್ದೆ.

ಮಕ್ಕಳು ನೀರು ಕುಡಿಯಲು ಓಡಿದ ಮೇಲೆ ಅವಳ ಹತ್ತಿರ ಹೋದೆ. ನನ್ನನ್ನು ಕಂಡು ಅವಳ ಮುಖ ಅರಳಿತು. “ಓ ದಾಮೋದರಣ್ಣ! ಎಷ್ಟು ಸಮಯ ಆಯ್ತು ನೋಡದೆ! ಸೌಖ್ಯವಾ?” ಎಂದಳು. ಆ ಪ್ರೀತಿಯನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ನಿಂತಲ್ಲೇ ಹೇಳಿದೆ. ಅವಳು ಊಟಕ್ಕೆ ಹೋದದ್ದು, ಮೆನುವಿನ ತಳದ ಸೆಟ್ಟಿಂಗು, ಬಸ್ಸಿನ ಬೋರ್ಡು, ಲೆನ್ಸ್ ಮಾತ್ರ ಕಳಿಸು ಎಂದದ್ದು, ಸರ್‌ಗೂ ವಸಂತನಿಗೂ ಹೇಳಿದ್ದು, ಎಲ್ಲವನ್ನೂ. ಅವಳ ಮುಖದ ನಗು ಯಾವಾಗ ಹೋಯಿತೋ ನಾನು ನೋಡಲಿಲ್ಲ, ತಲೆ ಎತ್ತಿರಲಿಲ್ಲ.

ಹೇಳಿ ಮುಗಿದ ಮೇಲೆ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಹಾಗಾದ್ರೆ,” ಎಂದಳು, “ನನ್ನ ಕಣ್ಣು ಸರಿ ಇತ್ತಾ?”

“ಸರಿ ಇತ್ತು.”

“ಕೈ?”

“ಕೈಯೂ ಸರಿ ಇತ್ತು ವೇದಾ. ನಾನು ಕಂಡವರಲ್ಲಿ ನಿನ್ನಂಥ ಕೈ ಯಾರದ್ದೂ…”

“ಅದು ಬೇಡ,” ಎಂದಳು. ನನ್ನ ಹೊಗಳಿಕೆ ಅವಳಿಗೆ ಬೇಕಿರಲಿಲ್ಲ. ಮೈದಾನದ ಕಡೆ ತಿರುಗಿ ನಿಂತಳು. ಹೆಗಲು ಒಂದೆರಡು ಸಲ ಅಲುಗಿತು.

“ನಿನ್ನ ಕ್ಯಾಮೆರಾ ನನ್ನ ಕಪಾಟಿನಲ್ಲೇ ಉಂಟು,” ಎಂದೆ. “ತಂದುಕೊಡ್ತೇನೆ.”

“ಅದನ್ನು ತಂದು ನಾನೆಂತ ಮಾಡ್ಲಿ?” ತಿರುಗಿ ನನ್ನನ್ನು ನೋಡಿದಳು. ಅಷ್ಟು ನೇರವಾಗಿ ನನ್ನನ್ನು ಯಾರೂ ನೋಡಿಲ್ಲ. “ನೀವು ಸರ್ ಹತ್ರ ಹೇಳಿದ್ರಿ. ನನ್ನ ಅಣ್ಣನ ಹತ್ರ ಹೇಳಿದ್ರಿ. ಅಣ್ಣ ಇವತ್ತಿಗೂ ತಮಾಷೆ ಮಾಡ್ತಾನೆ, ಅಷ್ಟು ದೊಡ್ಡ ಕ್ಯಾಮೆರಾ ತಂದುಕೊಟ್ರೂ ಇವಳಿಗೆ ಒಂದು ಫೋಟೊ ತೆಗೀಲಿಕ್ಕೆ ಬರ್ಲಿಲ್ಲ ಅಂತ. ನಾನೂ ನಗಾಡ್ತೇನೆ. ಇಷ್ಟು ವರ್ಷ ನಗಾಡಿದ್ದೇನೆ. ನನಗೆ ಮಾತ್ರ ಬಂದು ಹೇಳಿದ್ರೆ ಅವರಿಗೆಲ್ಲ ಯಾರು ಹೇಳುದು?”

“ನಾನು ಹೇಳ್ತೇನೆ.”

“ಹೇಳಿ. ಕೇಳಿದವರಿಗೂ ಹೇಳಿ, ಕೇಳದವರಿಗೂ ಹೇಳಿ. ಇನ್ನು ಹೋಗಿ ಅಣ್ಣ. ಮಕ್ಕಳು ಬರ್ತಾರೆ, ನನ್ನ ಮುಖ ನೋಡ್ತಾರೆ.”

ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಅದೂ ಅವಳ ಮೇಲೆ ಹೊರಿಸಿದ ಇನ್ನೊಂದು ಭಾರವಾಗುತ್ತಿತ್ತು. ನನ್ನಿಂದಾಗಿಯೇ ಅವಳು ಆ ಹೈಜಂಪಿನ ಫೋಟೊ ತೆಗೆದಳಲ್ಲವೇ ಎಂಬ ಯೋಚನೆ ಒಂದು ಕಾಲದಲ್ಲಿ ನನಗೆ ಬರುತ್ತಿತ್ತು. ಅದರಿಂದ ನಿದ್ದೆಯೂ ಬರುತ್ತಿತ್ತು. ಅದು ಸುಳ್ಳು. ಆ ಫೋಟೊ ಅವಳದ್ದು. ನಾನು ಇಲ್ಲದಿದ್ದರೆ ಅಂಥವು ಇನ್ನೆಷ್ಟು ಬರುತ್ತಿದ್ದವೋ — ಬಾರದೆ ಹೋದ ಅವುಗಳಷ್ಟೇ ನನ್ನವು.

ಸರ್ ನಿವೃತ್ತರಾಗಿ ಮೂಡುಬಿದಿರೆಯಲ್ಲೇ ಇದ್ದಾರೆ. ಮರುದಿನ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು. ಕೊನೆಗೆ, “ಬಿಡಿ ಮಾರಾಯ್ರೆ, ಎಷ್ಟೋ ಹಿಂದಿನದ್ದು. ಈಗ ಯಾರಿಗೆ ನೆನಪುಂಟು ಅದೆಲ್ಲ?” ಎಂದರು.

“ಅವಳಿಗೆ ಉಂಟು ಸರ್,” ಎಂದೆ.

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ನಾನು ಹೊರಡುವಾಗ ಗೇಟಿನ ತನಕ ಬರಲಿಲ್ಲ. ಮೊದಲೆಲ್ಲ ಬರುತ್ತಿದ್ದರು.

ಈಗ ಇದನ್ನು ಬರೆದಿದ್ದೇನೆ, ಕೇಳದವರಿಗೂ ತಲುಪಲಿ ಎಂದು. ಇನ್ನು ಉಳಿದವನು ವಸಂತ. ದುಬೈ ಬಿಟ್ಟು ಬಂದು ಊರಿನಲ್ಲೇ ಇದ್ದಾನೆ. ನಾಳೆ ಬೆಳಗಿನ ಬಸ್ಸಿಗೆ ಅಳದಂಗಡಿಗೆ ಹೋಗುತ್ತೇನೆ. ಮನೆಯೊಳಗೆ ಕರೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ಕರೆಯದಿದ್ದರೆ ಅಂಗಳದಲ್ಲಿ ನಿಂತೇ ಹೇಳುತ್ತೇನೆ — ನಿನ್ನ ತಂಗಿಗೆ ಫೋಟೊ ತೆಗೆಯಲಿಕ್ಕೆ ಬರುತ್ತಿತ್ತು ವಸಂತ, ನಮಗೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಅದನ್ನು ನಿಲ್ಲಿಸಿದವನು ನಾನು.